ತಾಂಡಾದ ಫೇಟಿಯಾ, ಪೇಟೆಯ ಸೀರೆ

ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಸಂತೆಗಳಿಗೆ ಬರುತ್ತಿದ್ದ ಲಂಬಾಣಿ ಹೆಂಗಸರು ಸಿದ್ಧ ಉಡುಪನ್ನು ಕೊಳ್ಳುತ್ತಿರಲಿಲ್ಲ. ಕೊಳ್ಳೋಣವೆಂದರೂ ಅವರ ಉಡುಪು ಯಾವ ಅಂಗಡಿಯಲ್ಲೂ ಇರಲಿಲ್ಲ. ಕೆಂಪು, ನೀಲಿ ಬಟ್ಟೆ, ದಾರ, ಕನ್ನಡಿ ಚೂರು, ಕವಡೆ ಇಷ್ಟೇ ಅವರ ಖರೀದಿ. ಉಳಿದದ್ದೆಲ್ಲ ತಾಂಡಾದ ಗುಡಿಸಲ ಮುಂದೆ ಕೂತು, ತಾಯಿ ಮಗಳಿಗೆ ಕಲಿಸಿದ ಸೂಜಿಯ ಕೆಲಸ.

ಹಾಗೆ ಹುಟ್ಟುತ್ತಿದ್ದುದು ಫೇಟಿಯಾ ಎಂಬ ನೆರಿಗೆಯ ಲಂಗ, ಕಾಂಚಳಿ ಎಂಬ ಕುಪ್ಪಸ, ತಲೆಯ ಮೇಲೆ ಹೊದೆಯುವ ಟುಕ್ರಿ. ಮದುವೆಯಾದವಳ ಕೆನ್ನೆಯ ಪಕ್ಕದಲ್ಲಿ ಘುಗ್ರಿ ಎಂಬ ಆಭರಣ ತೂಗುತ್ತಿತ್ತು, ತೋಳಿನಲ್ಲಿ ದಂತದ ಬಳೆ ಸಾಲಾಗಿ ಏರುತ್ತಿತ್ತು. ಫೇಟಿಯಾವನ್ನು ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಳ್ಳುತ್ತಾರೆ. ಕಾಂಚಳಿಗೆ ಬೆನ್ನೇ ಇಲ್ಲ, ಹಿಂದೆ ದಾರ ಬಿಗಿದರೆ ಮುಗಿಯಿತು. ಹುಡುಗಿ ಬೆಳೆಯಲಿ, ಬಸುರಿಯಾಗಲಿ, ಬರಗಾಲದಲ್ಲಿ ಸೊರಗಲಿ, ಲಾಡಿ ಸಡಿಲಿಸಿದರೆ ಅಥವಾ ಬಿಗಿದರೆ ಅದೇ ಉಡುಪು ಮೈಗೆ ಒಪ್ಪುತ್ತದೆ. ಅಂಗಡಿಯ ಅಳತೆಗೆ ಹೆಂಗಸು ಮೈ ಇಳಿಸಿಕೊಳ್ಳಬೇಕಾದ ಇಂದಿನ ಕಾಲದಲ್ಲಿ ನಿಂತು ನೋಡಿದರೆ, ಆ ಹೊಲಿಗೆಯ ಹಿಂದಿನ ಬುದ್ಧಿವಂತಿಕೆ ಎಂಥದೆಂದು ತಿಳಿಯುತ್ತದೆ.

ಲಂಬಾಣಿಗಳು, ಅಂದರೆ ಬಂಜಾರರು, ಮಲೆನಾಡಿನ ಅಂಚಿಗೆ ಹೊರಗಿನಿಂದ ಬಂದವರು. ಮನೆಯಲ್ಲಿ ಆಡುವ ಗೋರ್ ಬೋಲಿ ರಾಜಸ್ಥಾನಿ ಮಾತುಗಳ ಬಳಗದ್ದು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತುವುದೇ ಕಸುಬು. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾವನ್ನು, ಅಂದರೆ ಸಾಗುವ ಸಾರ್ಥವನ್ನು, ಕಂಡು ಬರೆದಿಟ್ಟ. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ ಈ ಹೆಂಗಸರ ಉಡುಗೆಯನ್ನೇ ಗಮನಿಸಿದ. ಸೊಂಟದಿಂದ ಕೆಳಗೆ ಐದಾರು ಸುತ್ತಿನ ಬಟ್ಟೆ, ಮೇಲೆ ಮೈತುಂಬ ಹೂವಿನ ಹಚ್ಚೆ. ಚರ್ಮವೇ ಹೂಬಟ್ಟೆಯಂತೆ ಕಾಣುತ್ತದೆ ಎಂಬುದು ಅವನ ವರ್ಣನೆಯ ಸಾರ. ನಾವು ಇಂದು ಅನಾದಿಯೆಂದು ಭಾವಿಸುವ ಕನ್ನಡಿ ಕಸೂತಿ ಆ ವರ್ಣನೆಯಲ್ಲಿಲ್ಲ. ಈ ಉಡುಗೆಯೂ ಕಾಲಕಾಲಕ್ಕೆ ಬೆಳೆದು ಬಂದಿದೆ.

ಸೈನ್ಯಗಳಿಗೆ ಅನ್ನ ಹೊತ್ತವರೂ ಇವರೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಂಗೆಕೋರ ಧೋಂಡಿಯಾ ವಾಘ್ ಬಿದನೂರು ಸೀಮೆಯನ್ನು ಹಿಡಿಯಲು ನೋಡಿ, ಶಿಕಾರಿಪುರದ ಬಳಿ ಸೋತು, ಉತ್ತರಕ್ಕೆ ಓಡಿದ. ಮರುವರ್ಷ ಅವನ ಬೆನ್ನುಹತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಬಂಜಾರರ ಎತ್ತುಗಳ ಪ್ರಸ್ತಾಪ ಮಾಡುತ್ತಾನೆ. ಅಕ್ಕಿ ಬಾರದೆ ದಂಡು ಹೆಜ್ಜೆ ಕೀಳುವಂತಿರಲಿಲ್ಲ. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. ವೆಲ್ಲೆಸ್ಲಿಯ ಹೆಸರು ಚರಿತ್ರೆಯ ಪುಸ್ತಕ ಸೇರಿತು. ಅಕ್ಕಿ ಹೊತ್ತು ತಂದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆಮೇಲೆ ರಸ್ತೆ ಬಂತು, ರೈಲು ಬಂತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಓಡಿತು. ಗೂಡ್ಸ್ ಡಬ್ಬಿಯ ಮುಂದೆ ಎತ್ತಿನ ಹೇರು ಎಷ್ಟು ದಿನ ತಾಳೀತು? ಅದಕ್ಕೂ ಮೊದಲೇ, 1871ರಿಂದ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಅಲೆಮಾರಿಗಳನ್ನೇ ಅನುಮಾನಿಸತೊಡಗಿತು. ಬಂಜಾರರ ಹಲವು ಗುಂಪುಗಳಿಗೂ ಆ ಹಣೆಪಟ್ಟಿ ಅಂಟಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಅಷ್ಟರೊಳಗೆ ತಾಂಡಾಗಳು ಕಾಡಂಚಿನಲ್ಲಿ, ಊರಾಚೆ ನೆಲೆನಿಂತಿದ್ದವು. ವ್ಯಾಪಾರಿಗಳಾಗಿದ್ದವರು ಕೂಲಿಗಳಾದರು.

ಉಡುಪು ಮರೆಯಾಗಿದ್ದು ಇಲ್ಲಿಂದ ಎಂದು ಹೇಳಬೇಕು, ಫ್ಯಾಷನ್ ಬದಲಾಯಿತು ಎಂದಲ್ಲ. ಕನ್ನಡಿ, ಕವಡೆ, ನಾಣ್ಯ ಹೊತ್ತ ಉಡುಗೆ ಕೆಲವು ಕಿಲೊ ತೂಗುತ್ತದೆ. ಅದನ್ನುಟ್ಟು ಗದ್ದೆಯ ಕೆಸರಿಗೆ ಇಳಿಯುವುದು, ಕಬ್ಬು ಕಡಿಯುವುದು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ದುಡಿಯುವುದು ಸುಲಭವಲ್ಲ. ಒಂದು ಫೇಟಿಯಾ ಹೊಲಿಯಲು ತಿಂಗಳುಗಟ್ಟಲೆ ಬಿಡುವು ಬೇಕು. ದಿನಗೂಲಿಯವಳಿಗೆ ಆ ಬಿಡುವು ಎಲ್ಲಿಂದ ಬರಬೇಕು? ಜೊತೆಗೆ ಬಸ್ಸಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಉಡುಗೆ ನೋಡಿಯೇ ಇವಳು ಇಂಥವಳೆಂದು ಗುರುತಿಸುವ ಕಣ್ಣುಗಳು. ಹೆಣ್ಣುಮಕ್ಕಳು ಮೊದಲು ಬಿಟ್ಟರು, ತಾಯಂದಿರು ಆಮೇಲೆ ಪೇಟೆಯ ಸೀರೆಗೆ ಬಂದರು. ದಂತದ ಬಳೆಯ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಅಜ್ಜಿಯರು ಮಾತ್ರ ಕೊನೆಯತನಕ ಬಿಡಲಿಲ್ಲ.

ಊಟದ ಕಥೆಯೂ ಹೀಗೇ. ದವಸ ಹೊತ್ತು ನಡೆದವರ ಊಟ ಬಾಟಿ ಎಂಬ ಜೋಳದ ರೊಟ್ಟಿ, ಕಾಡಿನ ಸೊಪ್ಪು, ಹಬ್ಬಕ್ಕೆ ಕುರಿ ಕಡಿದಾಗ ಸಳೋಯಿ ಎಂಬ ಮಾಂಸದ ಅಡುಗೆ. ದಿನವೂ ನಡೆಯುವ ಮೈಗೆ ತಕ್ಕ ಊಟವದು. ಗದ್ದೆ ಸೀಮೆಯ ಅಕ್ಕಿ ಮೊದಲೇ ತಟ್ಟೆ ಸೇರಿತ್ತು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ಪಡಿತರದ ಅಕ್ಕಿ ಬಡವರ ಮನೆಯ ಹಸಿವು ನೀಗಿಸಿತು. ಅದು ದೊಡ್ಡ ಮಾತು, ಅಲ್ಲಗಳೆಯುವಂತಿಲ್ಲ. ಆದರೆ ತಾಂಡಾದ ತಟ್ಟೆಯಿಂದ ಜೋಳ ಹಿಂದೆ ಸರಿಯಿತು; ನಗರದಲ್ಲಿ ಈಗ ತೂಕ ಇಳಿಸಲೆಂದು ದುಬಾರಿ ಬೆಲೆ ಕೊಟ್ಟು ತಿನ್ನುತ್ತಿರುವುದು ಅದೇ ಜೋಳದ ರೊಟ್ಟಿಯನ್ನು.

ಉಡುಪಿಗೂ ಅದೇ ನಗರದಲ್ಲಿ ಈಗ ಬೆಲೆ ಬಂದಿದೆ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಶಿಕಾರಿಪುರದ ಕಡೆಯ ತಾಂಡಾಗಳಲ್ಲಿ ಫೇಟಿಯಾ ಪೆಟ್ಟಿಗೆಯಿಂದ ಹೊರಬರುವುದು ಮದುವೆಗೆ, ತೀಜ್ ಮತ್ತು ಹೋಳಿ ಹಬ್ಬಕ್ಕೆ, ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದಲ್ಲಿ ನಡೆಯುವ ಬಂಜಾರರ ಸಂತ ಸೇವಾಲಾಲ್ ಜಯಂತಿಗೆ.

ಸಂಡೂರಿನಲ್ಲಿ ಆದದ್ದು ಇಲ್ಲಿಯೂ ಆಗಬಹುದು. ಹೊಲಿಯಬಲ್ಲ ಅಜ್ಜಿಯರು ಇನ್ನೂ ಇದ್ದಾರೆ, ಕಲಿಯುವ ಹುಡುಗಿಯರಿಗೆ ದಿನಗೂಲಿಗಿಂತ ಕಡಿಮೆಯಿಲ್ಲದ ಸಂಬಳ ಸಿಗಬೇಕು. ಶಿಕಾರಿಪುರ, ಸೊರಬದ ಜನ ತಮ್ಮ ಪೇಟೆಯ ಅಂಗಡಿಯಲ್ಲಿ ಈ ಕಸೂತಿಯನ್ನು ಕೇಳಿ, ಹೊಲಿದವಳಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲಿ.