ಜಾತ್ರೆಯ ತೊಟ್ಟಿಲು

ಕಾರ್ತಿಕ ಬಹುಳದ ಕೊನೆಯ ದಿನಗಳಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದವರಿಗೆ ಲಕ್ಷದೀಪೋತ್ಸವದ ವೈಭವವನ್ನು ನಾನು ವರ್ಣಿಸಿ ಹೇಳಬೇಕಾಗಿಲ್ಲ. ಹೊಸಕಟ್ಟೆ, ಕೆರೆಕಟ್ಟೆ, ಲಲಿತೋದ್ಯಾನ, ಕಂಚಿಮಾರುಕಟ್ಟೆ, ಗೌರಿಮಾರುಕಟ್ಟೆ ಎಂದು ರಾತ್ರಿಗೊಂದು ಉತ್ಸವ. ಅದರ ಜತೆಗೆ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನ. 1930ರ ದಶಕದಲ್ಲಿ, ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ ತೊಡಗಿದ ಈ ಸಮ್ಮೇಳನಗಳ ಪರಂಪರೆ ಇಂದಿಗೂ ನಡೆದು ಬಂದಿದೆ. ಕನ್ನಡ ಪಾಠ ಹೇಳಿ ಕಾಲ ಕಳೆದ ನಾನು ಅಲ್ಲಿಗೆ ಹೋಗುತ್ತಿದ್ದುದು ಸಾಹಿತ್ಯ ಸಮ್ಮೇಳನದ ಭಾಷಣಗಳನ್ನು ಕೇಳುವುದಕ್ಕೆ. ಭಾಷಣ ಮುಗಿದರೆ ಬಸ್ಸು ಹಿಡಿಯುವುದು ನನ್ನ ವಾಡಿಕೆ. ಅಂಗಡಿಸಾಲಿನ ಆಚೆ ಬಣ್ಣಬಣ್ಣದ ದೀಪ ಹೊತ್ತು ತಿರುಗುವ ತೊಟ್ಟಿಲಿನ ಕಡೆಗೆ ನಾನು ಕಾಲಿಟ್ಟವನಲ್ಲ. ಆದರೆ ಈಚೆಗೊಂದು ವರ್ಷ ಹತ್ತು ವಯಸ್ಸಿನ ಮೊಮ್ಮಗಳು ಜತೆಗಿದ್ದಳು. ಅವಳು ನನ್ನ ಕೈ ಹಿಡಿದು ಎಳೆದದ್ದು ಭಾಷಣದ ಚಪ್ಪರಕ್ಕಲ್ಲ.

ನಾನು ಇಂದು ಮಾತನಾಡಹೊರಟಿರುವುದು ಆ ತೊಟ್ಟಿಲಿನ ವಿಷಯವನ್ನೇ. ಜೈಂಟ್ ವೀಲ್ ಎಂದು ಈಗ ಎಲ್ಲರೂ ಕರೆಯುವ ಈ ಆಟ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಜಾತ್ರೆಯ ಆಟಕ್ಕೂ ಪಟ್ಟಣದ ವಿನೋದೋದ್ಯಾನಗಳ ಆಟಕ್ಕೂ ಏನು ಅಂತರ ಎಂಬುದು ನನ್ನ ಪ್ರಶ್ನೆ. ಸಾಹಿತ್ಯದವನಿಗೆ ಯಂತ್ರದ ಗೊಡವೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಅದಕ್ಕೊಂದು ಹಳೆಯ ಕಾರಣವಿದೆ, ಮುಂದೆ ಹೇಳುತ್ತೇನೆ.

ಸುತ್ತುವ ತೊಟ್ಟಿಲು ಪಾಶ್ಚಾತ್ಯರ ಕಾಣಿಕೆಯೆಂದು ನಾವು ತಿಳಿದಿರುವುದುಂಟು. ಇತಿಹಾಸ ಬೇರೆ ಮಾತನ್ನು ಹೇಳುತ್ತದೆ. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ 1615ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಂಜಾನ್ ಹಬ್ಬದ ಸಂಭ್ರಮವನ್ನು ಕಂಡ; ಅಲ್ಲಿ ಒಂದು ದೊಡ್ಡ ಚಕ್ರವನ್ನೇರಿ ಸುತ್ತಿದ. ಚಕ್ರ ಎಷ್ಟು ರಭಸದಿಂದ ತಿರುಗಿತೆಂದರೆ, ಹತ್ತಿರ ಕುಳಿತಿದ್ದ ಗ್ರೀಕನೊಬ್ಬ ತಾಳಲಾರದೆ ಸಾಕು ಸಾಕೆಂದು ಕೂಗಿಕೊಂಡನಂತೆ. ಇದೇ ದೆಲ್ಲಾ ವಾಲೆ 1623ರಲ್ಲಿ ನಮ್ಮ ನಾಡಿಗೂ ಬಂದ. ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಘಟ್ಟವಿಳಿದು, ಮಂಗಳೂರಿನ ಸೀಮೆಯಲ್ಲಿ ಉಳ್ಳಾಲದ ರಾಣಿಯೊಡನೆ ಮಾತನಾಡಿದವನು ಅವನೇ. ತುಳುನಾಡಿನ ಇತಿಹಾಸವನ್ನು ಬರೆಯುವವರು ಆ ಪ್ರವಾಸಿಯನ್ನು ಮರೆಯುವುದಿಲ್ಲ. ಅವನು ಚಕ್ರವೇರಿ ಹಿಗ್ಗಿದ್ದನ್ನು ಮಾತ್ರ ನೆನೆಯುವುದಿಲ್ಲ.

ಅದಕ್ಕೂ ಹಿಂದಿನ ಮಾತೊಂದಿದೆ. 1443ರಲ್ಲಿ ಹೆರಾತಿನ ಅರಸ ಶಾರೂಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಅಲ್ಲಿನ ಮಹಾನವಮಿಯನ್ನು ಬಣ್ಣಿಸಿದ್ದಾನೆ. ನಡುಗಂಬದ ಮೇಲೆ ಅಡ್ಡಲಾಗಿಟ್ಟ ತೊಲೆ. ಅದರ ಒಂದು ತುದಿಗೆ ಆನೆಯಷ್ಟೇ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ಆನೆ. ವಾದ್ಯದ ಲಯಕ್ಕೆ ಆನೆ ತಲೆದೂಗುತ್ತ ಮೇಲೇರಿ ಕೆಳಗಿಳಿಯುವುದನ್ನು ಕಂಡು ಅವನು ಬೆರಗಾದ. ಇದನ್ನು ಸರ್ಕಸ್ಸಿನ ಚಮತ್ಕಾರವೆಂದು ತಳ್ಳಿಹಾಕಬಾರದು. ಭಾರವನ್ನು ಭಾರದಿಂದ ತೂಗಿದರೆ ಅಲ್ಪ ಬಲ ಸಾಕೆಂಬ ತತ್ತ್ವವೇ ಜಾತ್ರೆಯ ತೊಟ್ಟಿಲಿನ ಪ್ರಾಣ. ತೊಟ್ಟಿಲಾಟದವನು ಜನರನ್ನು ಏರಿಸುವಾಗ ಗಮನಿಸಿ ನೋಡಿ: ಒಂದು ತೊಟ್ಟಿಲು ತುಂಬಿದರೆ ಚಕ್ರವನ್ನು ಅರೆಸುತ್ತು ತಿರುಗಿಸಿ ಎದುರಿನ ತೊಟ್ಟಿಲನ್ನು ತುಂಬುತ್ತಾನೆ. ಎರಡೂ ಕಡೆ ಸಮನಾದರೆ, ಮೋಟಾರು ಜನರನ್ನು ಎತ್ತಬೇಕಾಗಿಲ್ಲ. ಗಾಳಿಯನ್ನೂ ಅಚ್ಚಿನ ಘರ್ಷಣೆಯನ್ನೂ ಗೆದ್ದರಾಯಿತು. ಹಿಂದಿನ ಕಾಲದಲ್ಲಿ ಇಬ್ಬರು ಆಳುಗಳು ಬರಿಗೈಯಿಂದ ತೊಟ್ಟಿಲು ತಿರುಗಿಸುತ್ತಿದ್ದುದರ ಗುಟ್ಟೂ ಇದೇ. ಚಕ್ರ ಹೇಗೆ ತಿರುಗಿದರೂ ಕುಳಿತವನು ತಲೆಕೆಳಗಾಗುವುದಿಲ್ಲ, ಏಕೆಂದರೆ ತೊಟ್ಟಿಲು ಮೇಲಿನ ಕೀಲಿನಿಂದ ಜೋಲಾಡುತ್ತಿರುತ್ತದೆ. ಅದರ ಭಾರವೇ ಅದನ್ನು ನೆಟ್ಟಗಿಡುತ್ತದೆ. ತುಂಬಿದ್ದು ಬರಿದಾಗುವ, ಮೇಲಿದ್ದದ್ದು ಕೆಳಗಿಳಿಯುವ ಘಟೀಯಂತ್ರವನ್ನು ಸಂಸಾರಕ್ಕೆ ಹೋಲಿಸಿದ ನಮ್ಮ ಹಿಂದಿನವರಿಗೆ ಈ ಚಕ್ರ ಹೊಸದಾಗಿ ಕಾಣುತ್ತಿರಲಿಲ್ಲ.

ಪಾಶ್ಚಾತ್ಯರು ಮಾಡಿದ್ದೇನೆಂದರೆ, ಮರದ ಚಕ್ರವನ್ನು ಉಕ್ಕಿಗೆ ತಂದು ಮುಗಿಲಿಗೆತ್ತಿದರು. 1893ರಲ್ಲಿ ಅಮೆರಿಕೆಯ ಚಿಕಾಗೋ ನಗರದ ವಿಶ್ವಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರು ನಿಲ್ಲಿಸಿದ ಚಕ್ರದ ಎತ್ತರ 264 ಅಡಿ. ಅದರ 36 ಪೆಟ್ಟಿಗೆಗಳಲ್ಲಿ ಒಂದೊಂದರಲ್ಲೂ 60 ಜನ ಹಿಡಿಸುತ್ತಿದ್ದರು. ಅದೇ ಮೇಳದ ಅಂಗವಾಗಿಯೇ ಆ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನೆರೆಯಿತು; ವಿವೇಕಾನಂದರು ಮಾತನಾಡಿದ್ದು, ಜೈನಧರ್ಮದ ಪ್ರತಿನಿಧಿಯಾಗಿ ವೀರಚಂದ ಗಾಂಧಿಯವರು ಮಾತನಾಡಿದ್ದು ಅಲ್ಲಿಯೇ. ತಿರುಗುವ ತೊಟ್ಟಿಲೂ ಸರ್ವಧರ್ಮ ಸಮ್ಮೇಳನವೂ ಒಂದೇ ಮೇಳದಲ್ಲಿ! ಧರ್ಮಸ್ಥಳದ ದೀಪೋತ್ಸವವನ್ನು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ಆದರೆ ಒಂದು ಭೇದವುಂಟು. ಚಿಕಾಗೋದಲ್ಲಿ ಸಮ್ಮೇಳನ ನಡೆದದ್ದು ಚಕ್ರದಿಂದ ಹಲವು ಮೈಲಿ ಆಚೆ, ಪಟ್ಟಣದ ನಡುವಿನ ಕಟ್ಟಡದಲ್ಲಿ. ನಮ್ಮಲ್ಲಿಯಾದರೋ ತೊಟ್ಟಿಲಿನಲ್ಲಿ ಕುಳಿತವನ ಕಿವಿಗೂ ಧ್ವನಿವರ್ಧಕದ ಪ್ರವಚನ ಬೀಳುತ್ತದೆ.

ಆಟವನ್ನು ಹಬ್ಬದಿಂದ ಬೇರ್ಪಡಿಸಿ ಬೇಲಿಯೊಳಗಿಟ್ಟ ಕಥೆಯೇ ವಿನೋದೋದ್ಯಾನದ ಕಥೆ. ಡೆನ್ಮಾರ್ಕಿನ ರಾಜಧಾನಿಯ ಬಳಿ ಬಾಕೆನ್ ಎಂಬ ಉದ್ಯಾನವಿದೆ; ಇಂದಿಗೂ ನಡೆಯುತ್ತಿರುವ ಇಂಥ ಸ್ಥಳಗಳಲ್ಲಿ ಅದೇ ಅತ್ಯಂತ ಹಳೆಯದು. ಅದರ ಮೂಲ 1583ರಲ್ಲಿ ಕಾಡಿನಲ್ಲಿ ಕಂಡ ಒಂದು ಒರತೆ. ರೋಗ ಗುಣವಾಗುತ್ತದೆಂದು ನಂಬಿ ಜನ ಆ ನೀರಿಗೆ ಬಂದರು. ಜನ ಬಂದಲ್ಲಿಗೆ ಅಂಗಡಿಯವರೂ ಆಟಗಾರರೂ ಬಂದರು. ಇದನ್ನು ನಮ್ಮ ಭಾಷೆಯಲ್ಲಿ ತೀರ್ಥವೆನ್ನದೆ ಇನ್ನೇನೆನ್ನಬೇಕು? 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಡಿಸ್ನಿಲ್ಯಾಂಡಿಗೆ ಬರುವಷ್ಟರಲ್ಲಿ ತೀರ್ಥವೂ ಇಲ್ಲ, ತಿಥಿಯೂ ಇಲ್ಲ, ವರ್ಷವೆಲ್ಲ ಜಾತ್ರೆ. ನಮ್ಮ ದೇಶದಲ್ಲಿ 1984ರಲ್ಲಿ ದೆಹಲಿಯ ಅಪ್ಪು ಘರ್ ತೆರೆಯಿತು, 2008ರಲ್ಲಿ ಮುಚ್ಚಿತು. ಬೆಂಗಳೂರು–ಮೈಸೂರು ದಾರಿಯಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ಬಂದದ್ದು 2005ರಲ್ಲಿ, 82 ಎಕರೆ ನೆಲದಲ್ಲಿ.

ಮೊಮ್ಮಗಳ ದೆಸೆಯಿಂದ ನಾನು ಅದನ್ನೂ ನೋಡಿದೆ. ಆಟಗಳ ಹಿಂದಿನ ತತ್ತ್ವಗಳು ಜಾತ್ರೆಯವೇ, ಅಳತೆ ಬೇರೆ. ಜಾತ್ರೆಯಲ್ಲಿ ಕೊಲಂಬಸ್ ಎಂದು ಕರೆಯುವ ದೋಣಿಯನ್ನು ನೋಡಿ. ದೋಣಿಯ ಹೊಟ್ಟೆಯ ಕೆಳಗೆ ತಿರುಗುವ ರಬ್ಬರಿನ ಗಾಲಿಯಿದೆ; ದೋಣಿ ತನ್ನ ಮೇಲೆ ಹಾದುಹೋದಾಗಲೆಲ್ಲ ಅದು ಒಂದಿಷ್ಟು ನೂಕುತ್ತದೆ. ನಾಗರಪಂಚಮಿಯ ಜೋಕಾಲಿಯನ್ನು ಹದವರಿತು ತಳ್ಳುವ ಅಕ್ಕನ ಕೈಯೂ ಇದನ್ನೇ ಮಾಡುವುದು. ಮರಣಬಾವಿಯ ಮೋಟಾರುಸೈಕಲ್ಲು ಗೋಡೆಯಿಂದ ಜಾರದಿರುವುದು ವೇಗದಿಂದ. ವೇಗ ಗಾಲಿಯನ್ನು ಹಲಗೆಗೆ ಒತ್ತುತ್ತದೆ, ಒತ್ತಡವಿದ್ದಲ್ಲಿ ಘರ್ಷಣೆ ಹಿಡಿಯುತ್ತದೆ.

ರೋಲರ್ ಕೋಸ್ಟರ್ ಎಂಬುದು ರಷ್ಯದ ಜನ ಚಳಿಗಾಲದಲ್ಲಿ ಹಿಮದ ದಿಬ್ಬ ಕಟ್ಟಿ ಜಾರುತ್ತಿದ್ದ ಆಟದ ಸಂತತಿ. ಅದರ ಬಂಡಿಗೆ ಸಾಮಾನ್ಯವಾಗಿ ಎಂಜಿನ್ನೇ ಇರುವುದಿಲ್ಲ. ಸರಪಳಿ ಅದನ್ನು ಎತ್ತರಕ್ಕೆ ಎಳೆದು ಬಿಟ್ಟರೆ, ಮುಂದಿನದೆಲ್ಲ ಆ ಎತ್ತರದ ಸಾಲವನ್ನು ತೀರಿಸುವ ಓಟ. ಆದಕಾರಣ ಅಂಥ ಹಳಿಯಲ್ಲಿ ಮೊದಲ ದಿಬ್ಬಕ್ಕಿಂತ ಮುಂದಿನ ದಿಬ್ಬಗಳು ತಗ್ಗಿರಲೇಬೇಕು. ಹಳಿಯ ಮೇಲೊಂದು, ಪಕ್ಕಕ್ಕೊಂದು, ಅಡಿಗೊಂದು ಎಂದು ಮೂರು ಬಗೆಯ ಗಾಲಿಗಳು ಹಳಿಯನ್ನು ಮುಷ್ಟಿಯಂತೆ ಹಿಡಿದಿರುತ್ತವೆ. ತಲೆಕೆಳಗಾದರೂ ಬೀಳದಿರುವುದೇಕೆ ಎಂದರೆ, ತುಂಬಿದ ಚೊಂಬನ್ನು ತಲೆಯ ಮೇಲೆ ಸುತ್ತಿ ಬೀಸಿದರೆ ನೀರು ಚೆಲ್ಲದಿರುವುದೇಕೆ ಎಂದು ಕೇಳಿಕೊಂಡರಾಯಿತು. ಹಿಂದಿನವರು ಈ ಸುತ್ತನ್ನು ಪೂರ್ಣ ವೃತ್ತವಾಗಿ ಕಟ್ಟಿ ಜನರ ಕತ್ತು ನೋಯಿಸಿದ್ದರು. ತಳದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾದ, ನೀರಿನ ಹನಿಯಂಥ ಆಕಾರ ಬೇಕೆಂದು ಜರ್ಮನಿಯ ವೆರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥ ಹಳಿ ಓಡಿತು. ಭಯ ಅಷ್ಟೇ ಉಳಿಯಿತು, ನೋವು ಹೋಯಿತು. ಆಟದ ಯಂತ್ರಶಾಸ್ತ್ರವನ್ನೆಲ್ಲ ಈ ಒಂದು ಮಾತಿನಲ್ಲಿ ಅಡಗಿಸಬಹುದು.

ಇನ್ನು ನಾನು ಮೊದಲು ಹೇಳಿದ ಹಳೆಯ ಕಾರಣ. 1970ರ ಸುಮಾರು, ನಮ್ಮ ಸೀಮೆಯ ಒಂದು ಚಿಕ್ಕ ಜಾತ್ರೆ. ನಾಲ್ಕು ತೊಟ್ಟಿಲಿನ ಮರದ ಚಕ್ರ, ಕೈಯಿಂದ ತಿರುಗಿಸುವುದು. ನಾನು ಒಮ್ಮೆ ಏರಿ ಇಳಿದಿದ್ದೆ. ಜತೆಗಿದ್ದ ಗೆಳೆಯ ಹೆದರಿ ಹಿಂಜರಿಯುತ್ತಿದ್ದ. ಹೇಡಿಯೆಂದು ಹಂಗಿಸಿ ಅವನನ್ನು ಏರಿಸಿದವನು ನಾನು. ಮೂರನೆಯ ಸುತ್ತಿನಲ್ಲಿ ತೊಟ್ಟಿಲಿನ ಒಂದು ಬದಿಯ ಕಡಾಣಿ ಕಳಚಿತು, ತೊಟ್ಟಿಲು ವಾಲಿತು, ಅವನು ನೆಲಕ್ಕೆ ಬಿದ್ದ. ಮುರಿದ ಬಲಗೈ ಕೂಡಿತಾದರೂ ಮತ್ತೆ ನೆಟ್ಟಗಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಆಟದವರು ಚಕ್ರ ಬಿಚ್ಚಿ ಗಾಡಿಗೇರಿಸಿ ಹೊರಟುಹೋಗಿದ್ದರು. ಅವರು ಯಾರು, ಯಾವ ಊರಿನವರು, ಚಕ್ರವನ್ನು ನೋಡಿ ಒಪ್ಪಿದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರಿರಲಿಲ್ಲ. ದೈವೇಚ್ಛೆ ಎಂದು ಹಿರಿಯರು ನಿಟ್ಟುಸಿರಿಟ್ಟರು. ದೈವಕ್ಕೂ ಕಡಾಣಿಗೂ ಏನು ಸಂಬಂಧವೆಂದು ಅಂದು ಕೇಳುವ ಧೈರ್ಯ ನನಗಿರಲಿಲ್ಲ. ಅಂದಿನಿಂದ ನಾನು ತೊಟ್ಟಿಲು ಏರಲಿಲ್ಲ.

ಆದುದರಿಂದ ಉದ್ಯಾನದ ಮಿನುಗನ್ನು ಕಂಡು ಮೂಗು ಮುರಿಯುವ ಸಹೃದಯರ ಸಾಲಿನಲ್ಲಿ ನಾನು ನಿಲ್ಲಲಾರೆ. ಅಲ್ಲಿನ ಆಟಗಳು ಕಾಂಕ್ರೀಟಿನ ಅಡಿಪಾಯದ ಮೇಲೆ ನಿಂತವು. ಜಾತ್ರೆಯವಾದರೋ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಊರೂರು ತಿರುಗುವಂಥವು. ಪ್ರತಿ ಬಿಚ್ಚುವಿಕೆಯಲ್ಲೂ ಒಂದು ಕಡಾಣಿ ಸವೆಯುತ್ತದೆ, ಒಂದು ತಿರುಪು ಸಡಿಲಾಗುತ್ತದೆ. ಒಳ್ಳೆಯ ಉದ್ಯಾನಗಳಲ್ಲಿ ಬೆಳಗ್ಗೆ ಮೊದಲು ಬರಿಯ ಬಂಡಿಯನ್ನು ಓಡಿಸಿ ನೋಡಿ ಪುಸ್ತಕದಲ್ಲಿ ದಾಖಲಿಸುತ್ತಾರೆ. ಮಕ್ಕಳ ಎತ್ತರ ಅಳೆದು ಒಳಗೆ ಬಿಡುತ್ತಾರೆ. ಇಂಥ ಆಟಗಳ ಸುರಕ್ಷತೆಗೆಂದೇ ಭಾರತೀಯ ಮಾನಕ ಬ್ಯೂರೋ 2004ರಲ್ಲಿ ಒಂದು ಸಂಹಿತೆಯನ್ನು ಪ್ರಕಟಿಸಿದೆ. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಮೃತ್ಯು ಹೊರಗೆ ನಿಲ್ಲುವುದಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಂಕಾರಿಯಾ ಕೆರೆಯ ಉದ್ಯಾನದಲ್ಲಿ ತೂಗಾಡುವ ಆಟವೊಂದು ಮುರಿದು ಬಿದ್ದು ಇಬ್ಬರು ಸತ್ತರು. ಕಾಪಾಡುವುದು ಬೇಲಿಯಲ್ಲ, ದಿನದಿನವೂ ನೋಡುವ ಕಣ್ಣು.

ಉದ್ಯಾನದಲ್ಲಿ ಇಲ್ಲದ್ದು ಏನು? ಬಾಗಿಲಲ್ಲೇ ಇಡೀ ದಿನದ ಹಣ ತೆರಬೇಕು. ತೆರಲಾರದವನು ಒಳಗೆ ಇಣಿಕಿಯೂ ನೋಡಲಾರ. ಇನ್ನಷ್ಟು ಹೆಚ್ಚು ಕೊಟ್ಟವನಿಗೆ ಸರತಿಯನ್ನು ದಾಟಿ ಮುಂದೆ ಹೋಗುವ ಚೀಟಿಯೂ ಉಂಟು. ಜಾತ್ರೆಯಲ್ಲಿ ಆಟಕ್ಕೆ ಮಾತ್ರ ಕಾಸು; ನೋಟಕ್ಕೆ ಕಾಸಿಲ್ಲ. ಏರಲಾರದ ಅಜ್ಜಿ ಕೆಳಗೆ ನಿಂತು ಮೊಮ್ಮಗನ ಕೂಗಿಗೆ ನಗುತ್ತಾಳೆ. ದೀಪ ನೋಡಲು ಬಂದವನು, ಹರಕೆ ತೀರಿಸಲು ಬಂದವನು, ಭಾಷಣ ಕೇಳಲು ಬಂದವನು, ಬಳೆ ಕೊಳ್ಳಲು ಬಂದವಳು, ಎಲ್ಲರೂ ಒಂದೇ ಧೂಳನ್ನು ತುಳಿಯುತ್ತಾರೆ. ವಿನೋದವು ಬದುಕಿನ ಉಳಿದ ಅಂಗಗಳೊಡನೆ ಬೆರೆತು ನಿಂತಿರುವ ಈ ರೀತಿಯನ್ನು ಉದ್ಯಾನ ಕೊಡಲಾರದು.

ಹಾಗಾದರೆ ನಾವು ಆರಿಸಬೇಕಾದದ್ದು ಯಾವುದನ್ನು? ಈ ಪ್ರಶ್ನೆಯೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಜಾತ್ರೆಯನ್ನು ಬಿಡಬೇಕಾಗಿಲ್ಲ, ಉದ್ಯಾನದ ತಪಾಸಣೆಯ ಪುಸ್ತಕವನ್ನು ಜಾತ್ರೆಗೆ ತರಬೇಕು. ನಮ್ಮ ರಥೋತ್ಸವಗಳಲ್ಲಿ ಇದು ಇಲ್ಲದೆ ಇಲ್ಲ. ತೇರು ಹೊರಡುವ ಮೊದಲು ಆಚಾರಿ ಅಚ್ಚನ್ನು ಮುಟ್ಟಿ ನೋಡುತ್ತಾನೆ. ಎಳೆಯುವಾಗ ಗಾಲಿಗೆ ಮರದ ದಿಮ್ಮಿ ಕೊಟ್ಟು ತಡೆಯುವವರು ಜೀವ ಕೈಯಲ್ಲಿ ಹಿಡಿದು ಜತೆಯಲ್ಲೇ ನಡೆಯುತ್ತಾರೆ. ದೇವರ ತೇರಿಗೆ ಸಲ್ಲುವ ಎಚ್ಚರ ಮಕ್ಕಳ ತೊಟ್ಟಿಲಿಗೆ ಏಕೆ ಸಲ್ಲಬಾರದು?

ಆ ರಾತ್ರಿ ಧರ್ಮಸ್ಥಳದಲ್ಲಿ ಮೊಮ್ಮಗಳು "ಅಜ್ಜ, ನೀವೂ ಬನ್ನಿ" ಎಂದು ಹಟ ಹಿಡಿದಳು. ನಾನು ಆಟದ ಹುಡುಗನ ಬಳಿ ಹೋಗಿ, "ತಮ್ಮ, ತೊಟ್ಟಿಲಿನ ಕೀಲನ್ನೊಮ್ಮೆ ತೋರಿಸುತ್ತೀಯಾ?" ಎಂದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಕೇಳಿದ್ದೆ. ಅವನು ಬೈಯಲಿಲ್ಲ. ಟಾರ್ಚು ಹಾಕಿ, ಕೀಲನ್ನೂ ಅದರ ತುದಿಯ ಕಡಾಣಿಯನ್ನೂ, ಕಡಾಣಿಯ ಬಾಯಿ ಅಗಲಿಸಿ ಮಡಚಿದ್ದನ್ನೂ ತೋರಿಸಿದ. ಸಂಜೆ ತಾನೇ ನೋಡಿದ್ದೇನೆಂದ. ಆ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯಿತ್ತು. ನಾನು ಏರಿದೆ. ಮೇಲೆ ಹೋದಾಗ ಕೆಳಗೆ ದೀಪಗಳ ಸಾಲು, ಚಪ್ಪರ, ಜನಸಂದಣಿ. ಯಾರದೋ ಭಾಷಣದ ಅರ್ಧ ವಾಕ್ಯ ಗಾಳಿಯಲ್ಲಿ ಬಂದು ಹೋಯಿತು. ಮನೆಗೆ ಬಂದು ಆ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ದೀಪದ ವಿಷಯ ಕೇಳಲಿಲ್ಲ. "ಕಡಾಣಿ ನೋಡಿದೆಯಲ್ಲ, ಮಾರಾಯ?" ಎಂದು ಕೇಳಿದ. ನೋಡಿದೆ ಎಂದೆ.

ಮುಂದಿನ ಜಾತ್ರೆಯಲ್ಲಿ ನಿಮ್ಮ ಮಕ್ಕಳನ್ನು ತೊಟ್ಟಿಲಿಗೆ ಏರಿಸುವ ಮೊದಲು ನೀವೂ ಹಾಗೆಯೇ ಕೇಳಿ. ಕೇಳುವವರು ಹೆಚ್ಚಿದರೆ ನೋಡುವವರೂ ಹೆಚ್ಚುತ್ತಾರೆ.