ಬಿಂದಿಗೆ ನೀರು ನಡೆದ ದಾರಿ

ಒಂದು ಊರಿನ ಚರಿತ್ರೆಯನ್ನು ಅದರ ಕೋಟೆಯಿಂದ ಆರಂಭಿಸಬಹುದು, ದೇವಸ್ಥಾನದಿಂದ ಆರಂಭಿಸಬಹುದು. ಅರಸರ ಹೆಸರುಗಳಿಂದಂತೂ ಬೇಕಾದಷ್ಟು ಮಂದಿ ಆರಂಭಿಸಿದ್ದಾರೆ. ಬೆಂಗಳೂರಿನ ಚರಿತ್ರೆಯನ್ನು ಬಚ್ಚಲುಮನೆಯಿಂದ ಬರೆದು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ವಾಚಕರು ನಗಬಾರದು. ಊರು ಎಷ್ಟು ದೂರ ಕೈಚಾಚಿತೆಂಬುದನ್ನು ತಿಳಿಯಲು ಸ್ನಾನದ ನೀರಿಗಿಂತ ಒಳ್ಳೆಯ ಸಾಕ್ಷಿ ನನಗೆ ದೊರೆತಿಲ್ಲ.

ಕೆನಡಾ ದೇಶದ ಪ್ರಾಧ್ಯಾಪಕ ವಿಲಿಯಂ ರೀಸ್ 1992ರಲ್ಲಿ ಒಂದು ಹೊಸ ಲೆಕ್ಕವನ್ನು ಮುಂದಿಟ್ಟರು. ಅವರೂ ಅವರ ಶಿಷ್ಯ ವ್ಯಾಕರ್ನಗೆಲ್ಲರೂ ಕೂಡಿ 1996ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಮನುಷ್ಯನೊಬ್ಬ ಉಣ್ಣುವುದು, ಉಡುವುದು, ಸುಡುವುದು, ಎಸೆಯುವುದು, ಇವೆಲ್ಲಕ್ಕೂ ಭೂಮಿಯ ಎಷ್ಟು ಭಾಗ ದುಡಿಯಬೇಕು ಎಂಬ ಲೆಕ್ಕ ಅದು. 'ಪರಿಸರದ ಹೆಜ್ಜೆಗುರುತು' ಎಂದು ಈಗ ನಾವು ಕನ್ನಡದಲ್ಲಿ ಹೇಳುತ್ತೇವೆ. ಪಂಡಿತರು ಅದನ್ನು ಹೆಕ್ಟೇರುಗಳಲ್ಲಿ ಎಣಿಸುತ್ತಾರೆ. ನನಗೆ ತಿಳಿದ ಅಳತೆ ಬಿಂದಿಗೆ, ಅದರಲ್ಲಿಯೇ ಎಣಿಸುತ್ತೇನೆ.

ನಾನು ಬೆಳೆದ ಬಸವನಗುಡಿಯ ಮನೆಯಲ್ಲಿ ನಲ್ಲಿಯೂ ಇದ್ದಿತು, ಬಾವಿಯೂ ಇದ್ದಿತು. ನಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ಬಂದು ನಿಂತುಹೋಗುತ್ತಿತ್ತು. ಮಿಕ್ಕದ್ದಕ್ಕೆಲ್ಲ ಬಾವಿಯೇ ಗತಿ. ಬಚ್ಚಲ ಹಂಡೆ ತುಂಬಲು ಆರು ಬಿಂದಿಗೆ. ಸೇದುವವರು ನಮ್ಮ ತಾಯಿ ಮತ್ತು ಸೋದರತ್ತೆ. ಪಾತ್ರೆಯನ್ನು ಮೊದಲು ಬೂದಿ, ತೆಂಗಿನ ನಾರುಗಳಿಂದ ಉಜ್ಜಿ, ಕೊನೆಯಲ್ಲಿ ಮಾತ್ರ ನೀರು ಮುಟ್ಟಿಸುತ್ತಿದ್ದರು. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಕಲಗಚ್ಚು ಪಕ್ಕದ ಮನೆಯ ಹಸುವಿಗೆ. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕೆಸುವಿನ ಮಡಿಗೆ. ಮೂರನೆಯ ಚೆಂಬಿಗೆ ಕೈಯಿಟ್ಟರೆ ಅತ್ತೆ ಹೊರಗಿನಿಂದಲೇ, "ಏನೋ, ಕಾವೇರಿ ಸ್ನಾನ ಮಾಡ್ತಿದ್ದೀಯಾ?" ಎಂದು ಕೂಗುತ್ತಿದ್ದರು.

ಇದನ್ನು ಯಾರೂ ಪುಣ್ಯವೆಂದು ಮಾಡಲಿಲ್ಲ. ಇನ್ನೊಂದು ಬಿಂದಿಗೆ ಬೇಕೆಂದರೆ ಇನ್ನೊಬ್ಬರ ರಟ್ಟೆ ನೋಯಬೇಕಾಗಿದ್ದಿತು, ಅಷ್ಟೆ. ಹಳೆಯ ಕಾಲದ ಮಿತವ್ಯಯವನ್ನು ಹೊಗಳುವವರು ಆ ರಟ್ಟೆಗಳು ಯಾರವೆಂದು ಕೇಳುವುದಿಲ್ಲ. ಊರ ಬಾವಿಯ ಕಟ್ಟೆಯನ್ನು ಹತ್ತಲು ಅಪ್ಪಣೆಯಿಲ್ಲದೆ, ಬೇರೆಯವರು ಸೇದಿ ಹುಯ್ಯುವವರೆಗೆ ಕೊಡ ಹಿಡಿದು ದೂರ ನಿಂತವರನ್ನೂ ಅವರು ನೆನೆಯುವುದಿಲ್ಲ. ಬಾವಿಯ ನೀರಿನಲ್ಲಿ ಕಾಲರಾ ಕೂಡ ಬರುತ್ತಿತ್ತು. ನಲ್ಲಿ ಬಂದದ್ದು ದೊಡ್ಡ ಉಪಕಾರ. ಅದನ್ನು ಮರೆತು ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ನಲ್ಲಿಗೆ ಮುಂಚೆ ಬೆಂಗಳೂರಿನ ನೀರಿನ ಹೆಜ್ಜೆ ಊರಿನೊಳಗೇ ಮುಗಿಯುತ್ತಿತ್ತು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು, ಹೀಗೆ ಕೆರೆಗಳು. ಅವುಗಳ ಆಸರೆಯಲ್ಲಿ ಬಾವಿಗಳು. 1876ರ ಬರಗಾಲ ಈ ಏರ್ಪಾಡನ್ನು ಅಲುಗಿಸಿತು. 1882ರಲ್ಲಿ ಸ್ಯಾಂಕಿ ಕೆರೆಯಾಯಿತು. ಅದೂ ಸಾಲದೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸುಮಾರು 18 ಕಿಲೋಮೀಟರ್ ಆಚೆ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಕೈಯಿಟ್ಟರು. ಯೋಜನೆಗೆ ಚಾಮರಾಜೇಂದ್ರ ಒಡೆಯರ ಹೆಸರು. ಮಹಾರಾಜರು 1894ರ ಡಿಸೆಂಬರಿನಲ್ಲಿ ತೀರಿಕೊಂಡರು; ನೀರು ಬಂದದ್ದು 1896ರಲ್ಲಿ. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತಿದವು. ಸೇದುವ ರಟ್ಟೆ ಅಂದು ಮೊದಲ ಬಾರಿಗೆ ಹಿತ್ತಲನ್ನು ಬಿಟ್ಟು ಊರಾಚೆಗೆ ಹೋಯಿತು. ನೀರು ಸುರಿಯುವವನಿಗೆ ಅದರ ನೋವು ಕಾಣಿಸದಾಯಿತು.

ಆಮೇಲಿನ ಕಥೆ ಬೇಗ ಸಾಗುತ್ತದೆ. 1920ರ ದಶಕದಲ್ಲಿ ಹೆಸರಘಟ್ಟ ಕೈಕೊಟ್ಟಿತು. ಅರ್ಕಾವತಿಗೆ ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯವಾಯಿತು, ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯೂ ಅದಕ್ಕಿದ್ದಿತು. ನಲ್ಲಿ ಬಂದ ಮನೆಗೆ ಕೆರೆ ಬೇಡವಾಯಿತು. ಧರ್ಮಾಂಬುಧಿಯ ಒಡಲಲ್ಲಿ ಬಸ್ ನಿಲ್ದಾಣವೆದ್ದಿತು, ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಮೆಜೆಸ್ಟಿಕ್ಕಿನಲ್ಲಿ ಮಳೆ ಸುರಿದು ನೀರು ನಿಂತಾಗ ಬೈಯುವವರಿಗೆ ತಾವು ನಿಂತಿರುವುದು ಕೆರೆಯಲ್ಲಿ ಎಂಬ ನೆನಪಿರುವುದಿಲ್ಲ.

1974ರಲ್ಲಿ ಕಾವೇರಿ ಬಂದಳು. ನಮ್ಮ ಅತ್ತೆಯ ಬೈಗುಳ ನಿಜವಾಯಿತು.

ಶಿವನಸಮುದ್ರದ ಬಳಿಯಿಂದ ತಿರುಗಿಸಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬರುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಬೇಕು: ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರದ ಅಳತೆ. ನಮ್ಮ ಬಿಂದಿಗೆಗೆ 15 ಲೀಟರ್ ಎಂದುಕೊಂಡರೆ ಒಂಬತ್ತು ಬಿಂದಿಗೆ. ಐದು ಜನರ ಮನೆಗೆ ನಲವತ್ತೈದು. ಅಷ್ಟನ್ನು 500 ಮೀಟರ್ ಎತ್ತಲು ಲೆಕ್ಕದ ಪ್ರಕಾರವೇ ಒಂದು ಯೂನಿಟ್ಟಿಗೆ ತುಸು ಕಡಿಮೆ ವಿದ್ಯುತ್ ಬೇಕು. ಪಂಪಿನಲ್ಲಿ, ಕೊಳವೆಯಲ್ಲಿ ಪೋಲಾಗುವುದನ್ನು ಸೇರಿಸಿದರೆ ಒಂದನ್ನು ದಾಟುತ್ತದೆ. ಆ ನಲವತ್ತೈದು ಬಿಂದಿಗೆಯಲ್ಲಿ ಎಷ್ಟೋ ಪಾಲನ್ನು ಕುಡಿಯುವುದಿಲ್ಲ, ಅಡಿಗೆಗೂ ಹಾಕುವುದಿಲ್ಲ. ಹಳೆಯ ಬಗೆಯ ಕಕ್ಕಸಿನ ತೊಟ್ಟಿಯ ಸರಪಳಿ ಎಳೆದರೆ ಒಂದೇ ಸಲಕ್ಕೆ ಹತ್ತು ಲೀಟರಿಗೂ ಮೇಲೆ ಹೋಗುತ್ತದೆ. ಐನೂರು ಮೀಟರ್ ಏರಿಸಿ, ಕುಡಿಯಲು ಯೋಗ್ಯವಾಗಿ ಶುದ್ಧಿಮಾಡಿದ ನೀರಿಗೆ ಇದು ವಿಚಿತ್ರ ಸದ್ಗತಿ!

ಇಲ್ಲಿ ಒಂದು ಮಾತು. ಒಂದು ಬಕೆಟ್ ನೀರನ್ನು ಗೀಸರಿನಲ್ಲಿ ಹದವಾಗಿ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ಕಾವೇರಿಯಿಂದ ಆ ಬಕೆಟ್ಟನ್ನು ಹೊತ್ತು ತಂದದ್ದಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು. ಬಚ್ಚಲೊಲೆಯೇನೂ ಸಾಧುವಲ್ಲ, ಅದು ಸೌದೆ ತಿನ್ನುತ್ತಿತ್ತು, ಅದರ ಹೊಗೆ ಹೆಂಗಸರ ಕಣ್ಣು ತಿನ್ನುತ್ತಿತ್ತು. ಆದರೆ ನದಿಯ ಮಾತು ಬಂದಾಗ ಆವೇಶಗೊಳ್ಳುವ ನಾವು ಸ್ವಿಚ್ಚಿನ ಮಾತು ಬಂದಾಗ ಸುಮ್ಮನಾಗುತ್ತೇವೆ.

ಬೆಂಗಳೂರು ನಿಂತಿರುವುದು ಏಣಿನ ಮೇಲೆ. ಪಡುವಣ ಭಾಗದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಇಳಿಯುತ್ತದೆ. ಮೂಡಣ ಭಾಗದ್ದು ದಕ್ಷಿಣ ಪಿನಾಕಿನಿಗೆ. ಆದ್ದರಿಂದಲೇ 2007ರಲ್ಲಿ ಕಾವೇರಿ ನ್ಯಾಯಮಂಡಳಿ ಊರಿನ ಮೂರರಲ್ಲೊಂದು ಪಾಲು ಮಾತ್ರ ಕಾವೇರಿ ಕಣಿವೆಯೊಳಗಿದೆಯೆಂದು ಅಷ್ಟಕ್ಕೇ ನೀರಿನ ಲೆಕ್ಕ ಹಿಡಿದಿತ್ತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಡೀ ಊರನ್ನು ಪರಿಗಣಿಸಿ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಬಾಯಾರಿಕೆಗೆ ಏಣಿನ ಆಚೆ ಈಚೆ ಇಲ್ಲವಾದ್ದರಿಂದ ತೀರ್ಪು ಸರಿಯೆಂದೇ ನನ್ನ ಭಾವನೆ. ಆದರೆ ಬಾಯಾರಿಕೆಯ ಹೆಸರಿನಲ್ಲಿ ಬಂದ ನೀರಿನಲ್ಲಿ ಕಾರು ತೊಳೆದವರು ನಾವೇ. ಅದನ್ನು ನಿಲ್ಲಿಸಲು 2024ರ ಮಾರ್ಚಿನಲ್ಲಿ ಜಲಮಂಡಳಿ 5000 ರೂಪಾಯಿ ದಂಡ ವಿಧಿಸಬೇಕಾಯಿತು. ಆ ಬೇಸಿಗೆಯಲ್ಲಿ ನಗರದ ಸುಮಾರು 14000 ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಅದೇ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಬಂದಿತು, ದಿನಕ್ಕೆ 77.5 ಕೋಟಿ ಲೀಟರ್. ಆರನೆಯದರ ಮಾತನ್ನು ಯಾರಾದರೂ ಆಡಿದರೆ ನನಗೆ ಆಶ್ಚರ್ಯವಾಗದು.

ನೀರು ಬರುವ ದಾರಿಯನ್ನು ಬರೆದಂತೆ ಹೋಗುವ ದಾರಿಯನ್ನೂ ಬರೆಯಬೇಕಲ್ಲವೆ? ಮನೆಗೆ ಬಂದದ್ದರಲ್ಲಿ ಶೇಕಡ 80ರಷ್ಟು ಕೊಳಚೆಯಾಗಿ ಹೊರಡುತ್ತದೆಂದು ಎಂಜಿನಿಯರುಗಳು ಗಣಿಸುತ್ತಾರೆ. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿಯ ಪಕ್ಕದ ವೃಷಭಾವತಿಯನ್ನು ಈಗ ಮೂಗು ಮುಚ್ಚಿಕೊಂಡು ದಾಟುತ್ತೇವೆ. ಅದು ಬೈರಮಂಗಲದ ಕೆರೆಗೆ, ಅಲ್ಲಿನ ರೈತರ ಗದ್ದೆಗೆ ಇಳಿಯುತ್ತದೆ. ಮೂಡಣದ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ರಸ್ತೆಗೆ ಹಾರಿತು, ಬೆಂಕಿಯೂ ಹತ್ತಿತು. ನೊರೆಗೆ ಮುಖ್ಯ ಕಾರಣಗಳಲ್ಲೊಂದು ನಮ್ಮ ಬಟ್ಟೆ ಒಗೆಯುವ ಪುಡಿ. ಸೀಗೆಕಾಯಿಯ ನೊರೆ ಬಾಳೆಯ ಬುಡದಲ್ಲಿ ಆರುತ್ತಿತ್ತು.

1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ನೂರಹದಿನಾರು ವರ್ಷಗಳ ಮೇಲೆ, 2018ರ ಜೂನಿನಲ್ಲಿ, ಅದೇ ಹೊಳೆಯ ನೀರು ನಮ್ಮ ಬಚ್ಚಲುಗಳನ್ನು ಹಾದು, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿಯಾಗಿ, ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ಸೇರಿತು. ಮರುತಿಂಗಳೇ ನೊರೆ ಕಂಡು ಕೆಲಕಾಲ ನಿಂತಿತು, ಮತ್ತೆ ಹರಿಯಿತು. ಬರಡಾಗಿದ್ದ ಕೆರೆಗಳು ತುಂಬಿದವು. ಈ ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಲೇಬೇಕೆಂದು ಕೋಲಾರದವರು ಕೇಳುತ್ತಿದ್ದಾರೆ.