ತಂದೆಯ ಸಾಲ ಮತ್ತು ನಾಲ್ಕು ಹಜ್ಜ್‌ಗಳ ಸಾರ್ವಜನಿಕ ಘೋಷಣೆ

ಮನೆಯ ಹಿರಿಯರು ತೀರಿಹೋದ ಕೆಲವು ತಿಂಗಳ ಬಳಿಕ ಅಂಚೆಯಲ್ಲಿ ಪತ್ರವೊಂದು ಬರುತ್ತದೆ. ಮೃತರು ಇಷ್ಟು ಸಾಲ ಉಳಿಸಿದ್ದಾರೆ, ಕೂಡಲೇ ಪಾವತಿಸಿ ಎಂದು ನಾವು ಹೆಸರೇ ಕೇಳಿರದ ವಸೂಲಿ ಸಂಸ್ಥೆಯೊಂದು ಬರೆದಿರುತ್ತದೆ. ಆಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಮಾನಕ್ಕೆ ಅಂಜಿ ಪತ್ರವನ್ನು ಕಪಾಟಿನಲ್ಲಿ ಅಡಗಿಸುತ್ತೇವೆ. ಇಲ್ಲವೇ ಏನನ್ನೂ ವಿಚಾರಿಸದೆ ಒಡವೆ ಅಡವಿಟ್ಟು ಹಣ ಕಟ್ಟುತ್ತೇವೆ. ಇವೆರಡೂ ಅಲ್ಲದ ದಾರಿಯೊಂದನ್ನು ನಮ್ಮ ಪೂರ್ವಿಕರು ನಡೆದು ತೋರಿಸಿದ್ದಾರೆ.

ಹಿಜರಿ 36, ಅಂದರೆ ಕ್ರಿ.ಶ. 656. ಬಸ್ರಾದ ಬಳಿ ಜಮಲ್ ಯುದ್ಧ ನಡೆದ ದಿನ ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ) ತಮ್ಮ ಮಗ ಅಬ್ದುಲ್ಲಾರನ್ನು ಹತ್ತಿರ ಕರೆದರು. ಇಂದು ತಾವು ಅನ್ಯಾಯವಾಗಿ ಹತರಾಗಬಹುದೆಂದೂ, ತಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಸಾಲವೆಂದೂ ಹೇಳಿದರು. ಆಸ್ತಿ ಮಾರಿ ಸಾಲ ತೀರಿಸು, ಎಲ್ಲಾದರೂ ಕೈಸೋತರೆ ನನ್ನ ಮೌಲಾನ ನೆರವು ಬೇಡು ಎಂದರು. ಮೌಲಾ ಯಾರೆಂದು ಮಗ ಕೇಳಿದಾಗ ತಂದೆ ಕೊಟ್ಟ ಉತ್ತರ: ಅಲ್ಲಾಹ್. ಈ ವೃತ್ತಾಂತವು ಸಹೀಹ್ ಬುಖಾರಿಯಲ್ಲಿ ವಿವರವಾಗಿ ಬಂದಿದೆ.

ಆ ಸಾಲ ದುಂದುವೆಚ್ಚದಿಂದ ಬಂದುದಲ್ಲ. ಜನರು ತಮ್ಮ ಹಣವನ್ನು ಝುಬೈರ್‌ರ(ರ) ಬಳಿ ಅಮಾನತ್ತಾಗಿ ಇಡಲು ಬರುತ್ತಿದ್ದರು. ಅಮಾನತ್ತು ಕಳೆದುಹೋದರೆ ಅವರಿಗೆ ನಷ್ಟವಾದೀತೆಂದು ಹೆದರಿ, ಅದನ್ನು ಸಾಲವೆಂದೇ ಬರೆದುಕೊಳ್ಳಿ ಎನ್ನುತ್ತಿದ್ದರು ಅವರು. ಸಾಲವಾದರೆ ಮರಳಿಸುವ ಹೊಣೆ ಪೂರ್ತಿಯಾಗಿ ತಮ್ಮದೇ ಆಗುತ್ತದಲ್ಲವೇ!

ಮರಣಾನಂತರ ಮಗ ಲೆಕ್ಕ ಹಾಕಿದಾಗ ಸಾಲ 22 ಲಕ್ಷವಾಯಿತು. ನಗದು ಇರಲಿಲ್ಲ. ಮದೀನಾದ ಹೊರವಲಯದ ಗಾಬಾ ಎಂಬ ಜಮೀನು, ಮದೀನಾದಲ್ಲಿ 11 ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟಿನಲ್ಲಿ ಒಂದೊಂದು ಮನೆ ಇದ್ದವು. ಹಕೀಮ್ ಬಿನ್ ಹಿಝಾಮ್(ರ) ಸಾಲವೆಷ್ಟೆಂದು ವಿಚಾರಿಸಿದಾಗ ಅಬ್ದುಲ್ಲಾ(ರ) ಮೊದಲು ಒಂದು ಲಕ್ಷವೆಂದಷ್ಟೇ ಹೇಳಿದರು. ನಿಮ್ಮ ಆಸ್ತಿ ಅದಕ್ಕೂ ಸಾಲದು ಎಂದು ಹಕೀಮ್(ರ) ಮರುಗಿದಾಗ ನಿಜವಾದ ಮೊತ್ತವನ್ನು ಬಾಯಿಬಿಟ್ಟರು. ಸಾಲದ ಮಾತು ಹೇಳಲು ನಾಲಿಗೆ ತಡವರಿಸುವುದು ನಮಗಷ್ಟೇ ಅಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಝುಬೈರ್(ರ) 1,70,000ಕ್ಕೆ ಕೊಂಡಿದ್ದ ಗಾಬಾ 16 ಲಕ್ಷದ ಬೆಲೆ ಪಡೆಯಿತು. ತಂದೆಯಿಂದ ಯಾರಿಗೆ ಏನು ಬಾಕಿಯಿದೆಯೋ ಅವರು ಗಾಬಾಕ್ಕೆ ಬರಲಿ ಎಂದು ಅಬ್ದುಲ್ಲಾ(ರ) ಸಾರಿದರು. 4 ಲಕ್ಷ ಬರಬೇಕಿದ್ದ ಅಬ್ದುಲ್ಲಾ ಬಿನ್ ಜಅ್‌ಫರ್(ರ) ಬಂದು, ಬೇಕಾದರೆ ಸಾಲ ಮನ್ನಾ ಮಾಡುತ್ತೇನೆಂದರು, ಇವರು ಒಪ್ಪಲಿಲ್ಲ. ಗಡುವು ಮುಂದೂಡುತ್ತೇನೆಂದರು, ಅದಕ್ಕೂ ಒಪ್ಪಲಿಲ್ಲ. ಜಮೀನಿನ ಒಂದು ಭಾಗವನ್ನೇ ಅಳೆದು ಕೊಟ್ಟರು.

ಸಾಲವೆಲ್ಲ ತೀರಿದಾಗ ಒಡಹುಟ್ಟಿದವರು ಪಾಲು ಕೇಳಿದರು. ಅಬ್ದುಲ್ಲಾ(ರ) ನಿರಾಕರಿಸಿದರು. ಸತತ ನಾಲ್ಕು ವರ್ಷ ಹಜ್ಜ್‌ನ ಋತುವಿನಲ್ಲಿ, ಝುಬೈರ್‌ರಿಂದ(ರ) ಬಾಕಿ ಬರಬೇಕಾದವರು ಬನ್ನಿ, ತೀರಿಸುತ್ತೇವೆ ಎಂದು ಘೋಷಿಸಿದರು. ನಾಲ್ಕು ವರ್ಷ ಕಳೆದ ಮೇಲೆಯೇ ಆಸ್ತಿ ಹಂಚಿದರು. ನಾವು ಯಾವ ಪತ್ರ ಬಾರದಿರಲಿ ಎಂದು ಬಯಸುತ್ತೇವೋ ಅಂತಹ ಪತ್ರವನ್ನು ಅವರು ಊರೂರಿನಿಂದ ತಾವೇ ಆಹ್ವಾನಿಸಿದರು.

ಹಾಗೆಂದು ಬಂದ ಪ್ರತಿಯೊಂದು ಬೇಡಿಕೆಗೂ ತಲೆಬಾಗಬೇಕೆಂದಲ್ಲ. ಅಬ್ದುಲ್ಲಾ(ರ) ಮೊದಲು ಮಾಡಿದ್ದು ಲೆಕ್ಕ. ಸಾಲವನ್ನು ಬರೆದಿಡಲು ಮತ್ತು ಸಾಕ್ಷಿಗಳನ್ನಿಡಲು ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತವು ಆದೇಶಿಸುತ್ತದೆ. ಹಕ್ಕು ಸಾಧಿಸುವವನೇ ಪುರಾವೆ ಒದಗಿಸಬೇಕೆಂಬುದು ಶರೀಅತ್‌ನ ನಿಯಮ. ಆದ್ದರಿಂದ ಸಾಲಪತ್ರದ ಪ್ರತಿ, ಅಸಲು, ಬಡ್ಡಿ ಮತ್ತು ದಂಡಗಳನ್ನು ಬೇರ್ಪಡಿಸಿದ ಲೆಕ್ಕ, ವಸೂಲಿಗೆ ಬಂದವರ ಅಧಿಕಾರಪತ್ರ ಇವನ್ನು ನಾವು ಲಿಖಿತವಾಗಿ ಕೇಳಬೇಕು. ಮೃತರ ಸಾಲ ತೀರಬೇಕಾದುದು ಅವರು ಬಿಟ್ಟುಹೋದ ಆಸ್ತಿಯಿಂದ. ಅನ್ನಿಸಾ ಅಧ್ಯಾಯವು ವಾರಸುದಾರರ ಪಾಲನ್ನು ಸಾಲ ಹಾಗೂ ವಸಿಯ್ಯತ್‌ನ ನಂತರಕ್ಕೆ ಇರಿಸಿದೆ. ಜಾಮೀನು ಹಾಕಿರದ ಮಗ ಪಿತ್ರಾರ್ಜಿತವನ್ನು ಮೀರಿ ಹೊಣೆಯಲ್ಲವೆಂಬುದನ್ನು ನಮ್ಮ ದೇಶದ ಕಾನೂನೂ ಒಪ್ಪುತ್ತದೆ.

ಕೇಳುವವರಿಗೂ ಮರ್ಯಾದೆಯ ಎಲ್ಲೆಯಿದೆ. ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಲು ಕುರ್‌ಆನ್ ಬೋಧಿಸುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ತನ್ನ ಅಧೀನದ ಸಂಸ್ಥೆಗಳಿಗೆ ಸೂಚಿಸಿದೆ. ಕಿರುಸಾಲ ವಸೂಲಿಯ ಬಲಾತ್ಕಾರದ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಬೆದರಿಕೆ ಬಂದರೆ ದೂರು ಕೊಡಲು ನಾಚಬೇಕಿಲ್ಲ.

ಆದರೂ ಒಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕು. ಸಾಮಾನ್ಯವಾಗಿ ಮೂರು ವರ್ಷ ಕಳೆದ ಸಾಲಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಬಿಡುವುದಿಲ್ಲ. ನ್ಯಾಯಾಲಯದ ಬಾಗಿಲು ಮುಚ್ಚಿದ ಮಾತ್ರಕ್ಕೆ ಇನ್ನೊಬ್ಬರ ನಿಜವಾದ ಹಕ್ಕು ಅಳಿಯುವುದಿಲ್ಲ. ಪತ್ರ ಸುಳ್ಳಾಗಿದ್ದರೆ ಧೈರ್ಯವಾಗಿ ನಿರಾಕರಿಸೋಣ; ನಿಜವಾಗಿದ್ದರೆ ತಂದೆಯ ಹೆಗಲ ಭಾರವನ್ನು ಇಳಿಸೋಣ. ಅದಕ್ಕಿಂತ ಮೊದಲು, ನಮ್ಮ ಮಕ್ಕಳಿಗೆ ಇಂತಹ ಪತ್ರ ಅನಿರೀಕ್ಷಿತವಾಗದಂತೆ ನಮ್ಮ ಸಾಲಗಳ ಪಟ್ಟಿಯನ್ನು ಇಂದೇ ಬರೆದಿಡೋಣ. ಅಲ್ಲಾಹನು ನಮ್ಮೆಲ್ಲರನ್ನೂ ಋಣಮುಕ್ತರನ್ನಾಗಿ ಮಾಡಲಿ. ಆಮೀನ್.